ಕರುಳಿನ ಆಪರೇಷನ್ ಆಗಿ ಮೂರು ವಾರ, ಅಮ್ಮ ಇನ್ನೂ ಮಲಗೇ ಇರುತ್ತಾರೆ

ಪ್ರಶ್ನೆ: ನನ್ನ ತಾಯಿಗೆ 74 ವರ್ಷ, ತೂಕ 48 ಕೆಜಿ. ಅರಸೀಕೆರೆ ಹತ್ತಿರದ ಹಳ್ಳಿಯವರು, ಈಗ ಹಾಸನದಲ್ಲಿ ನಮ್ಮ ಮನೆಯಲ್ಲಿದ್ದಾರೆ. ಮೂರು ವಾರದ ಹಿಂದೆ ಹೊಟ್ಟೆ ಕೊಯ್ದು ದೊಡ್ಡ ಕರುಳಿನ ಬಲಭಾಗ ತೆಗೆದರು. ಕ್ಯಾನ್ಸರ್ ಗಡ್ಡೆ. ಆದರೆ ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ, ಬರೀ ಗಡ್ಡೆ ಅಂದಿದ್ದೇವೆ. ಆಪರೇಷನ್ ಆದ ಮಾರನೇ ದಿನವೇ ಎಬ್ಬಿಸಿ ನಡೆಸಿದರು, ಕುಡಿಯೋಕೆ ಕೊಟ್ಟರು. ಇಷ್ಟು ಅವಸರ ಮಾಡಿದ್ದಕ್ಕೇ ಈಗ ಇಷ್ಟು ಸುಸ್ತು ಅಂತ ನಮ್ಮ ಚಿಕ್ಕಮ್ಮ ಹೇಳುತ್ತಾರೆ. ಎರಡನೇ ರಾತ್ರಿ "ಹಸು ಹಾಲು ಕರೆಯೋ ಹೊತ್ತಾಯ್ತು" ಅಂತ ಡ್ರಿಪ್ ಕಿತ್ತುಕೊಂಡು ಎದ್ದಿದ್ದರು. ಈಗ ಮಾತು ಸರಿಯಾಗಿದೆ. ಆದರೆ ದಿನವೆಲ್ಲ ಮಲಗಿರುತ್ತಾರೆ. ಗಂಜಿ, ಬ್ರೆಡ್ಡು ಬಿಟ್ಟು ಬೇರೇನು ಕೊಡೋಕೂ ಭಯ. ದಿನಕ್ಕೆ ನಾಲ್ಕೈದು ಸಲ ಸಡಿಲವಾಗಿ ಹೋಗುತ್ತದೆ. ಎದ್ದರೆ ತಲೆ ಸುತ್ತುತ್ತದೆ. ಬಿಪಿ, ಶುಗರ್ ಎರಡೂ ಇದೆ. ಮೊದಲಿನ ಹಾಗೆ ಆಗೋದು ಯಾವಾಗ?

ಉತ್ತರ: ಮೊದಲು ನಿಮ್ಮ ಚಿಕ್ಕಮ್ಮನ ಮಾತಿಗೇ ಉತ್ತರ ಕೊಟ್ಟುಬಿಡುತ್ತೇನೆ. ಯಾಕೆಂದರೆ ಆ ಮಾತು ಮನೆಯಲ್ಲಿ ಉಳಿದುಕೊಂಡರೆ ನಾನು ಮುಂದೆ ಹೇಳೋದು ಯಾವುದೂ ನಡೆಯೋದಿಲ್ಲ.

ಮಾರನೇ ದಿನ ಎಬ್ಬಿಸಿದ್ದು ಅವಸರ ಅಲ್ಲ, ಅದೇ ಸರಿಯಾದ ಚಿಕಿತ್ಸೆ. ಹಿಂದೆ ಕರುಳಿನ ಆಪರೇಷನ್ ಆದವರನ್ನು ಗಾಳಿ ಹೋಗುವವರೆಗೆ, ಅಂದರೆ ಎಷ್ಟೋ ದಿನ, ಬಾಯಿಗೆ ಹನಿ ನೀರೂ ಹಾಕದೆ ಹಾಸಿಗೆಯಲ್ಲೇ ಇಡುತ್ತಿದ್ದರು. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಆ ಪದ್ಧತಿಯನ್ನೇ ಪ್ರಶ್ನೆ ಮಾಡಿದರು. ಬೇಗ ಊಟ ಕೊಟ್ಟು, ಬೇಗ ಎಬ್ಬಿಸಿ, ನೋವನ್ನು ಚೆನ್ನಾಗಿ ತಡೆದು, ಬೇಡದ ಟ್ಯೂಬುಗಳನ್ನು ಬೇಗ ತೆಗೆದರೆ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಾರೆ ಅಂತ ತೋರಿಸಿದರು. ಈಗ ಜಗತ್ತಿನ ಒಳ್ಳೆಯ ಆಸ್ಪತ್ರೆಗಳಲ್ಲೆಲ್ಲ ಇದೇ ದಾರಿ. ಆಪರೇಷನ್ ಆದ ಮೇಲೆ ಸಣ್ಣ ಕರುಳು ಸುಮಾರು ಒಂದು ದಿನದಲ್ಲಿ ಕೆಲಸ ಶುರು ಮಾಡುತ್ತದೆ. ಹೊಟ್ಟೆಗೆ ಒಂದೆರಡು ದಿನ ಬೇಕು, ದೊಡ್ಡ ಕರುಳಿಗೆ ಎರಡು ಮೂರು ದಿನ. ಸುಮ್ನೆ ಮಲಗಿದ್ದರೆ ಅದು ಬೇಗ ಆಗೋದಿಲ್ಲ, ತಡವೇ ಆಗುತ್ತದೆ.

ಅಮ್ಮನಿಗೆ ಸುಸ್ತು ಇರೋದು ಆ ದಿನ ಎಬ್ಬಿಸಿದ್ದಕ್ಕಲ್ಲ, ಮನೆಗೆ ಬಂದ ಮೇಲೆ ಮಲಗಿಸಿದ್ದಕ್ಕೆ ಅನ್ನೋದು ನನ್ನ ಅಭಿಪ್ರಾಯ. ಒರಟಾಗಿ ಕೇಳಿಸಬಹುದು, ಬೇಜಾರು ಮಾಡಿಕೊಳ್ಳಬೇಡಿ. ನೀವು ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ವಯಸ್ಸಾದವರ ಮೈಯಲ್ಲಿ ಮಾಂಸಖಂಡ ಎಷ್ಟು ಬೇಗ ಕರಗುತ್ತದೆ ಅನ್ನೋದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಇದೆ. ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇಟ್ಟು ನೋಡಿದರು, ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕೆಜಿ ಮಾಂಸಖಂಡ ಹೋಗಿತ್ತು. ಅವರು ಗಟ್ಟಿಮುಟ್ಟಾಗಿದ್ದವರು, ಹೊಟ್ಟೆ ಕೊಯ್ಸಿಕೊಂಡವರಲ್ಲ, ಗಂಜಿ ಕುಡಿದುಕೊಂಡು ಇದ್ದವರೂ ಅಲ್ಲ. 48 ಕೆಜಿ ಇರೋ ನಿಮ್ಮ ತಾಯಿಗೆ ಮೂರು ವಾರ ಹೀಗೇ ಮಲಗಿದ್ದರೆ ಏನಾಗಿರಬಹುದು, ನೀವೇ ಯೋಚನೆ ಮಾಡಿ.

ಈಗ 'ಯಾವಾಗ' ಅನ್ನೋ ಪ್ರಶ್ನೆ. ಗಾಯಕ್ಕೆ ಒಂದು ಲೆಕ್ಕ, ಕರುಳಿಗೆ ಒಂದು ಲೆಕ್ಕ, ಕಾಲಿನ ಶಕ್ತಿಗೆ ಇನ್ನೊಂದು, ಧೈರ್ಯ ಬರೋಕೆ ಬೇರೆಯೇ ಲೆಕ್ಕ, ಎಲ್ಲ ಒಂದೇ ದಿನ ಸರಿಹೋಗೋದಿಲ್ಲ. 60 ದಾಟಿದ 372 ಜನರನ್ನು ಹೊಟ್ಟೆಯ ದೊಡ್ಡ ಆಪರೇಷನ್ ಆದ ಮೇಲೆ ಆರು ತಿಂಗಳು ಗಮನಿಸಿದ ಅಧ್ಯಯನವೊಂದು 2004ರಲ್ಲಿ ಬಂತು. ಸರಾಸರಿ ನೋಡಿದರೆ ಅವರಿಗೆ ನೆನಪು, ತಿಳಿವಳಿಕೆ ಮೊದಲಿನ ಮಟ್ಟಕ್ಕೆ ಬರೋಕೆ 3 ವಾರ ಹಿಡಿಯಿತು. ನಡಿಗೆಯ ವೇಗಕ್ಕೆ 6 ವಾರ. ಸ್ನಾನ ಮಾಡೋದು, ಬಟ್ಟೆ ಹಾಕಿಕೊಳ್ಳೋದು, ತಾವೇ ಎದ್ದು ಓಡಾಡೋದು ಇದಕ್ಕೆಲ್ಲ 3 ತಿಂಗಳು. ಅಡುಗೆ, ಅಂಗಡಿ, ದುಡ್ಡಿನ ಲೆಕ್ಕ, ಒಬ್ಬರೇ ಬಸ್ಸು ಹತ್ತೋದು, ಇಂಥವಕ್ಕೆ 6 ತಿಂಗಳು. ಕೈಹಿಡಿತದ ಬಲ ಆರು ತಿಂಗಳಾದರೂ ಸುಮಾರು ಅರ್ಧ ಜನಕ್ಕೆ ಪೂರ್ತಿ ಬಂದಿರಲಿಲ್ಲ. ಹಾಗಾಗಿ ಮೂರು ವಾರಕ್ಕೆ 'ಇನ್ನೂ ಹೀಗೇ ಇದ್ದಾರಲ್ಲ' ಅಂತ ಗಾಬರಿ ಬೇಡ. ಆದರೆ ಆ ಆರು ತಿಂಗಳು ಸುಮ್ನೆ ಕಾಯುತ್ತಾ ಕೂತರೆ ಎಲ್ಲ ತಾನಾಗೇ ಬರುತ್ತದೆ ಅಂತಲೂ ಅಂದುಕೊಳ್ಳಬೇಡಿ. ತಿಂದು, ಎದ್ದು, ಓಡಾಡಿದವರಿಗೆ ಬರುತ್ತದೆ.

ಊಟದ ವಿಷಯಕ್ಕೆ ಬರೋಣ, ನಿಮ್ಮ ಮನೆಯಲ್ಲಿ ದೊಡ್ಡ ತಪ್ಪು ನಡೆಯುತ್ತಿರೋದು ಇಲ್ಲೇ. ನಮ್ಮ ಕಡೆ ಆಪರೇಷನ್ ಆಯಿತು ಅಂದ ತಕ್ಷಣ ಪಥ್ಯ ಶುರು. ಮೊಟ್ಟೆ ನಂಜು, ಬದನೆಕಾಯಿ ನಂಜು, ಆಲೂಗಡ್ಡೆ ನಂಜು, ಮೊಸರು ಶೀತ, ಬೇಳೆ ಗ್ಯಾಸು. ಒಂದೊಂದಾಗಿ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯೋದು ಗಂಜಿ, ಬ್ರೆಡ್ಡು, ಎಳನೀರು. ಗಾಯ ಕೀವಾಗೋದು ಬ್ಯಾಕ್ಟೀರಿಯಾದಿಂದ, ಮೊಟ್ಟೆಯಿಂದಲ್ಲ. ಗಾಯ ಕೂಡೋಕೆ ಪ್ರೋಟೀನ್ ಬೇಕು, ಅದು ಇರೋದೇ ನಾವು ನಂಜು ಅಂತ ದೂರ ಇಡೋ ಪದಾರ್ಥಗಳಲ್ಲಿ. ಇಂಥ ಸಮಯದಲ್ಲಿ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಅಂತ ಲೆಕ್ಕ. ನಿಮ್ಮ ತಾಯಿಗೆ 58ರಿಂದ 72 ಗ್ರಾಂ. ಒಂದು ಬಟ್ಟಲು ಅಕ್ಕಿ ಗಂಜಿಯಲ್ಲಿ ಇರೋದು ಹೆಚ್ಚು ಅಂದರೆ ಎರಡು ಗ್ರಾಂ. ಮೂರು ಹೊತ್ತು ಗಂಜಿ, ನಾಲ್ಕು ಸ್ಲೈಸ್ ಬ್ರೆಡ್ಡು ಕೊಟ್ಟರೂ ಬೇಕಾದ್ದರ ಕಾಲುಭಾಗ ಆಗೋದೂ ಕಷ್ಟ.

ಹಾಗಾದರೆ ಏನು ಕೊಡೋದು? ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರಿನಲ್ಲಿ 6ರಿಂದ 7 ಗ್ರಾಂ, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲೂ ಹೆಚ್ಚುಕಡಿಮೆ ಅಷ್ಟೇ, 50 ಗ್ರಾಂ ಪನೀರ್‌ನಲ್ಲಿ ಸುಮಾರು 9. ಮೀನು ಅಥವಾ ಕೋಳಿ ತಿನ್ನೋ ಮನೆಯಾದರೆ ಕೆಲಸ ಇನ್ನೂ ಸುಲಭ. ಬೆಳಿಗ್ಗೆ ಇಡ್ಲಿ ಜೊತೆ ಬೇಯಿಸಿದ ಮೊಟ್ಟೆ, ಹನ್ನೊಂದಕ್ಕೆ ಒಂದು ಬಟ್ಟಲು ಮೊಸರು, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ಗಟ್ಟಿ ಹೆಸರುಬೇಳೆ ತೊವ್ವೆ, ಸಂಜೆ ನುಣ್ಣಗೆ ಪುಡಿ ಮಾಡಿದ ಹುರಿಗಡಲೆಯನ್ನು ಹಾಲಿನಲ್ಲಿ ಕಲಸಿ, ರಾತ್ರಿ ಮತ್ತೆ ಮೊಟ್ಟೆ ಅಥವಾ ಪನೀರ್. ಹೊಟ್ಟೆ ಬೇಗ ತುಂಬಿದ ಹಾಗೆ ಆಗುತ್ತದೆ, ಅದಕ್ಕೇ ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ. ಗಂಜಿ ಬೇಕೇ ಬೇಕು ಅಂದರೆ ಅದರಲ್ಲೇ ಹೆಸರುಬೇಳೆ ಹಾಕಿ ಬೇಯಿಸಿ. ರಾಗಿ ಗಂಜಿ ಚೆನ್ನಾಗಿ ಸೋಸಿ ಕೊಡಿ. ಮುದ್ದೆ ಕೇಳುತ್ತಾರೆ ಅಂದರೆ ಮೆತ್ತಗೆ ಮಾಡಿ, ಸಣ್ಣ ತುತ್ತಿನಲ್ಲಿ, ನಿಧಾನವಾಗಿ. ಹಸಿ ತರಕಾರಿ, ಹಲಸಿನ ಹಣ್ಣು, ನಾರು ಜಾಸ್ತಿ ಇರೋ ಸೊಪ್ಪು, ಇಡೀ ಕಾಳು, ಇವನ್ನು ಇನ್ನೂ ಮೂರು ವಾರ ಬಿಟ್ಟು, ಆಮೇಲೆ ಒಂದೊಂದೇ ಸೇರಿಸಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಲೆಕ್ಕ ಬೇರೆ, ಕ್ರಿಯಾಟಿನಿನ್ ರಿಪೋರ್ಟ್ ನೋಡಿ ಡಾಕ್ಟರನ್ನು ಕೇಳಿ.

ದಿನಕ್ಕೆ ನಾಲ್ಕೈದು ಸಲ ಸಡಿಲವಾಗಿ ಹೋಗೋದಕ್ಕೆ ಕಾರಣ ಇದೆ. ನೀರು ಹೀರಿಕೊಳ್ಳೋ ಕೆಲಸದಲ್ಲಿ ದೊಡ್ಡ ಕರುಳಿನ ಬಲಭಾಗದ ಪಾಲು ದೊಡ್ಡದು, ಅದು ಈಗ ಇಲ್ಲ. ಸಣ್ಣ ಕರುಳಿಗೂ ದೊಡ್ಡ ಕರುಳಿಗೂ ಮಧ್ಯೆ ಇದ್ದ ಕವಾಟವೂ ಅದರ ಜೊತೆಗೇ ಹೋಗಿದೆ. ಪಿತ್ತರಸ ಪೂರ್ತಿ ಹೀರಿಕೊಳ್ಳದೆ ದೊಡ್ಡ ಕರುಳಿಗೆ ಇಳಿದರೆ ಅದೂ ಭೇದಿ ಮಾಡಿಸುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ಕೆಲವರಿಗೆ ಕೆಲವು ತಿಂಗಳಲ್ಲಿ, ಇದು ದಿನಕ್ಕೆ ಒಂದೆರಡು ಸಲಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಎಣ್ಣೆ, ತುಪ್ಪ ಕಡಿಮೆ ಮಾಡಿ. ಹಾಲು ಕುಡಿದರೆ ಜಾಸ್ತಿ ಆಗುತ್ತಾ ನೋಡಿ, ಹಾಗೆ ಆಗೋದಾದರೆ ಹಾಲಿನ ಬದಲು ಮೊಸರು ಕೊಡಿ. ಬಾಳೆಹಣ್ಣು, ಮೆತ್ತಗಿನ ಅನ್ನ ಒಳ್ಳೆಯದು. ಬರೀ ನೀರಿನ ಬದಲು ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಕಡಿಮೆ ಆಗದಿದ್ದರೆ ಪಿತ್ತರಸವನ್ನು ಹಿಡಿದಿಡೋ ಔಷಧಿ ಇದೆ, ಕೇಳಿ ತೆಗೆದುಕೊಳ್ಳಬಹುದು. ಆದರೆ ಇದ್ದಕ್ಕಿದ್ದಂತೆ ಎಂಟು ಹತ್ತು ಸಲ ನೀರಾಗಿ ಹೋಗಿ, ಜ್ವರವೂ ಬಂದರೆ, ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸೋ ಮಾತ್ರೆ ತಂದು ಕೊಡಬೇಡಿ. ಆಸ್ಪತ್ರೆಯಲ್ಲಿ ಕೊಟ್ಟ ಆ್ಯಂಟಿಬಯೋಟಿಕ್‌ನಿಂದ ಕರುಳಿನಲ್ಲಿ ಬೇರೆ ಸೋಂಕು ಬಂದಿರಬಹುದು, ಪರೀಕ್ಷೆ ಆಗಬೇಕು.

ತಲೆಸುತ್ತನ್ನು ನಾನು ನಿರ್ಲಕ್ಷ್ಯ ಮಾಡೋದಿಲ್ಲ, ನೀವೂ ಮಾಡಬೇಡಿ. ಮೂರು ಕಾರಣ ನನ್ನ ಮನಸ್ಸಿಗೆ ತಕ್ಷಣ ಬರುತ್ತದೆ. ಒಂದು, ಊಟ ಕಡಿಮೆ, ಭೇದಿ ಜಾಸ್ತಿ, ತೂಕ ಇಳಿದಿದೆ, ಆದರೆ ಬಿಪಿ ಮಾತ್ರೆ ಮೊದಲಿನಷ್ಟೇ ನಡೆಯುತ್ತಿದೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷ ಆದ ಮೇಲೆ ಒಮ್ಮೆ, ಮೂರು ನಿಮಿಷ ಆದ ಮೇಲೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಕಡಿಮೆ ಮಾಡಬೇಕಾಗಬಹುದು. ಅದರಲ್ಲೂ ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ ಇದ್ದರೆ ಇನ್ನೂ ಮುಖ್ಯ. ಎರಡು, ಶುಗರ್ ಮಾತ್ರೆ. ಗ್ಲಿಮೆಪಿರೈಡ್ ಥರದ್ದು ತೆಗೆದುಕೊಳ್ಳುತ್ತಾ ಬರೀ ಗಂಜಿ ಕುಡಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಲೆ ಸುತ್ತಿದಾಗ ಗ್ಲುಕೋಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಸಕ್ಕರೆ ನೀರು. ಮೂರು, ರಕ್ತಹೀನತೆ. ಬಲಭಾಗದ ಗಡ್ಡೆ ತಿಂಗಳುಗಟ್ಟಲೆ ಕಣ್ಣಿಗೆ ಕಾಣದ ಹಾಗೆ ರಕ್ತ ಸೋರಿಸುತ್ತಿರುತ್ತದೆ, ಎಷ್ಟೋ ಜನರಿಗೆ ಕಾಯಿಲೆ ಪತ್ತೆ ಆಗೋದೇ ಹಿಮೋಗ್ಲೋಬಿನ್ ಇಳಿದಾಗ. ಡಿಸ್ಚಾರ್ಜ್ ದಿನ ಹಿಮೋಗ್ಲೋಬಿನ್ ಎಷ್ಟಿತ್ತು ನೋಡಿ. ಆಪರೇಷನ್ ಆದ ಹೊಸದರಲ್ಲಿ ಕಬ್ಬಿಣದ ಮಾತ್ರೆ ಸರಿಯಾಗಿ ಮೈಗೆ ಹತ್ತೋದಿಲ್ಲ, ಡ್ರಿಪ್‌ನಲ್ಲಿ ಕಬ್ಬಿಣ ಕೊಡಬಹುದಾ ಅಂತ ಕೇಳಿ.

ಈಗ ಎದ್ದು ಓಡಾಡೋದು. ಮಂಚದಿಂದ ನೇರವಾಗಿ ಬೆನ್ನೆತ್ತಿ ಏಳೋದು ಬೇಡ, ಹೊಟ್ಟೆಗೆ ಜಗ್ಗುತ್ತದೆ. ಮಂಡಿ ಮಡಚಿ, ಇಡೀ ಮೈಯನ್ನು ಒಂದೇ ಸಲ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಇಳಿಬಿಟ್ಟು, ಕೈ ಊರಿ ಏಳಬೇಕು. ಕೂತು ಎರಡು ನಿಮಿಷ ಸುಧಾರಿಸಿಕೊಂಡು ಆಮೇಲೆ ನಿಲ್ಲಬೇಕು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಲಿ. ನಾನು ಎಲ್ಲರಿಗೂ ಹೇಳೋ ಒಂದು ವ್ಯಾಯಾಮ ಇದೆ: ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಎದ್ದು ನಿಲ್ಲೋದು, ನಿಧಾನವಾಗಿ ಕೂರೋದು. ಮೊದಲು ಕೈ ಊರಿಯೇ ಏಳಲಿ, ಒಂದು ಸಲಕ್ಕೆ ಐದು, ದಿನಕ್ಕೆ ಮೂರು ಹೊತ್ತು. ಕೈ ಊರದೆ ಏಳೋಕೆ ಬಂದ ದಿನ ತೊಡೆಗೆ ಬಲ ಬಂದಿದೆ ಅಂತ ತಿಳಿಯಿರಿ, ಆಮೇಲೆ ಎಂಟಕ್ಕೆ, ಹತ್ತಕ್ಕೆ ಏರಿಸಿ. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಮನೆಯೊಳಗೇ ಒಂದು ಸುತ್ತು. ಊಟವನ್ನು ಮಂಚದ ಹತ್ತಿರ ಒಯ್ಯಬೇಡಿ, ಅವರೇ ಊಟದ ಜಾಗಕ್ಕೆ ಬರಲಿ. ಹಗಲು ಮಂಚ ಇರೋದು ಮಧ್ಯಾಹ್ನದ ಒಂದು ನಿದ್ದೆಗೆ ಮಾತ್ರ.

ಇದರ ಜೊತೆ ಅವರಿಗೆ ಏನಾದರೂ ಕೆಲಸ ಕೊಡಿ. ಬೆಳ್ಳುಳ್ಳಿ ಬಿಡಿಸಲಿ, ಸೊಪ್ಪು ಸೋಸಲಿ, ಹೂ ಕಟ್ಟಲಿ, ದೇವರ ದೀಪ ಹಚ್ಚಲಿ. 74 ವರ್ಷ ದುಡಿದ ಕೈ ಅದು, 'ನೀನು ಏನೂ ಮಾಡಬೇಡ' ಅಂತ ಪದೇ ಪದೇ ಹೇಳಿದರೆ ತನ್ನಿಂದ ಇನ್ನು ಏನೂ ಆಗೋದಿಲ್ಲ ಅಂತಲೇ ಅವರು ನಂಬಿಬಿಡುತ್ತಾರೆ. ಹೀಗೆ ನಂಬಿ ಮಲಗಿದವರನ್ನು ಎಬ್ಬಿಸೋದು ಬಹಳ ಕಷ್ಟ. ಬೇಡ ಅನ್ನಬೇಕಾದ್ದು ಭಾರ ಎತ್ತೋದನ್ನು. ಆರು ವಾರ ಆಗುವವರೆಗೆ ನಾಲ್ಕೈದು ಕೆಜಿಗಿಂತ ಜಾಸ್ತಿ ಎತ್ತುವಂತಿಲ್ಲ: ತುಂಬಿದ ಬಿಂದಿಗೆ, ಬಕೆಟ್ಟು, ಮೊಮ್ಮಗು, ಯಾವುದೂ ಬೇಡ. ಎತ್ತಿದರೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗೋ ಭಯ. ಗಾಯ ಒಣಗಿದ್ದರೆ ಸೋಪು ಹಾಕಿ ಸ್ನಾನ ಮಾಡಬಹುದು. ಅರಿಶಿನ, ಎಣ್ಣೆ ಗಾಯಕ್ಕೆ ಬೇಡ. ಕೆಳಗೆ ಕೂರೋ ಕಕ್ಕಸು ಇದ್ದರೆ ಅದರ ಮೇಲೆ ಇಡೋ ಕಮೋಡ್ ಕುರ್ಚಿ ತನ್ನಿ, ಬಚ್ಚಲಿನ ಗೋಡೆಗೆ ಹಿಡಿ ಹಾಕಿಸಿ. ದಿನಕ್ಕೆ ಐದು ಸಲ ಅವಸರದಲ್ಲಿ ಹೋಗೋರು ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಆಸ್ಪತ್ರೆಯಲ್ಲಿ ಉಸಿರಿನ ವ್ಯಾಯಾಮಕ್ಕೆ ಅಂತ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿರುತ್ತಾರೆ, ಅದನ್ನೂ ಒಮ್ಮೆ ನೋಡಿ. ನಮ್ಮಲ್ಲಿ ಎಷ್ಟೋ ಜನ ಅದನ್ನು ಪುಗ್ಗೆ ಊದೋ ಹಾಗೆ ಊದುತ್ತಾರೆ. ಅದು ಊದೋದಲ್ಲ, ಒಳಗೆ ಎಳೆದುಕೊಳ್ಳೋದು. ಮೊದಲು ಉಸಿರು ಪೂರ್ತಿ ಹೊರಗೆ ಬಿಟ್ಟು, ನಳಿಕೆಯನ್ನು ತುಟಿಯಲ್ಲಿ ಹಿಡಿದು ನಿಧಾನವಾಗಿ ಎಳೆಯಬೇಕು, ಚೆಂಡು ಮೇಲೆ ನಿಂತಾಗ ಮೂರು ನಾಲ್ಕು ಸೆಕೆಂಡ್ ಉಸಿರು ಹಿಡಿಯಬೇಕು. ಮಲಗೇ ಇರೋರಿಗೆ ನ್ಯುಮೋನಿಯಾ ಬರೋ ಅಪಾಯ ಜಾಸ್ತಿ, ಹಾಗಾಗಿ ಅವರು ಚೆನ್ನಾಗಿ ಓಡಾಡುವವರೆಗೆ ಬಿಡಬೇಡಿ.

ಹಸು ಕರೆಯೋ ಹೊತ್ತಾಯ್ತು ಅಂದ ರಾತ್ರಿ ನಿಮಗೆಲ್ಲ ಎಷ್ಟು ಹೆದರಿಕೆ ಆಗಿರಬಹುದು ಅಂತ ಅರ್ಥ ಆಗುತ್ತದೆ. ಅದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಡೆಲಿರಿಯಂ ಅಂತಾರೆ, ವಯಸ್ಸಾದವರಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ತುಂಬಾ ಸಾಮಾನ್ಯ. ನೋವು, ಸೋಂಕು, ನಿದ್ದೆಗೇಡು, ಮೂತ್ರ ಕಟ್ಟೋದು, ಕೆಲವು ಔಷಧಿ, ಗೊತ್ತಿಲ್ಲದ ಜಾಗ, ಎಲ್ಲ ಸೇರಿ ಮೆದುಳು ಸ್ವಲ್ಪ ದಿನ ದಾರಿ ತಪ್ಪುತ್ತದೆ. ಆದರೆ ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಹಾಗಾಗಿ ಕನ್ನಡಕ, ಕಿವಿಯ ಮಿಷನ್ನು, ಹಲ್ಲಿನ ಸೆಟ್ಟು ಯಾವಾಗಲೂ ಹಾಕಿಸಿ. ಹಗಲು ಬೆಳಕಿನಲ್ಲಿ ಕೂರಲಿ, ರಾತ್ರಿ ಕತ್ತಲಲ್ಲಿ ಮಲಗಲಿ. ನಿದ್ದೆ ಬರಲ್ಲ ಅಂದರು ಅಂತ ಆಲ್ಪ್ರಜೋಲಮ್, ಕಡಿತ ಅಂತ ಏವಿಲ್, ಇಂಥವನ್ನು ನೀವೇ ಕೊಡಬೇಡಿ, ಈ ವಯಸ್ಸಿನ ಮೆದುಳಿಗೆ ಅವು ಒಳ್ಳೆಯದಲ್ಲ. ಸುಮ್ಮನೆ ಮಂಕಾಗಿ, ಕರೆದರೂ ಅರೆಬರೆ ಉತ್ತರ ಕೊಡುತ್ತಾ ಮಲಗೋದು ಕೂಡ ಡೆಲಿರಿಯಂನದೇ ಇನ್ನೊಂದು ರೂಪ. ಅದನ್ನು ಮನೆಯವರು 'ಪಾಪ, ಸುಸ್ತು' ಅಂದುಕೊಂಡು ಬಿಟ್ಟುಬಿಡುತ್ತಾರೆ. ನಿಮ್ಮ ತಾಯಿ ದಿನವೆಲ್ಲ ಮಲಗಿರೋದು ಇದಲ್ಲ ತಾನೇ ಅಂತ ನೋಡಿಕೊಳ್ಳಿ: ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದರು, ಮಾತು ಮಾತಾಡುತ್ತಾ ಕೇಳಿ. ಮೂರು ತಿಂಗಳಾದ ಮೇಲೆ ನೆನಪಿನ ಶಕ್ತಿಯನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಕರುಳು ಸೇರಿಸಿದ ಜಾಗ ಸೋರೋದಾದರೆ ಹೆಚ್ಚಾಗಿ ಮೊದಲ ವಾರ ಹತ್ತು ದಿನದಲ್ಲೇ ಸೋರುತ್ತದೆ, ಆ ಗಂಡಾಂತರವನ್ನು ಅವರು ಬಹುಮಟ್ಟಿಗೆ ದಾಟಿದ್ದಾರೆ. ಆದರೂ 100.4 ದಾಟಿದ ಜ್ವರ, ದಿನೇ ದಿನೇ ಜಾಸ್ತಿ ಆಗೋ ಹೊಟ್ಟೆನೋವು, ಹಸಿರು ವಾಂತಿ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿರೋದು, ಗಾಯದಲ್ಲಿ ಕೀವು, ಒಂದು ಕಾಲು ಮಾತ್ರ ಊದೋದು, ಇದ್ದಕ್ಕಿದ್ದಂತೆ ಏದುಸಿರು, ಮೂತ್ರ ತೀರಾ ಕಡಿಮೆ ಆಗೋದು, ಆ ರಾತ್ರಿಯ ಹಾಗೆ ಮತ್ತೆ ಅಸಂಬದ್ಧ ಮಾತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ವಯಸ್ಸಾದವರಿಗೆ ಒಳಗೆ ಸೋಂಕಾದರೂ ಕೆಲವೊಮ್ಮೆ ಜ್ವರವೇ ಬರೋದಿಲ್ಲ, ಮಂಕು ಮಾತ್ರ ಬರುತ್ತದೆ. ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ನಾಲ್ಕು ವಾರ ಇಂಜೆಕ್ಷನ್ ಕೊಡೋದು ರೂಢಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬರೆದಿದೆಯಾ ನೋಡಿ, ಇಲ್ಲದಿದ್ದರೆ ನಾಳೆಯೇ ಕೇಳಿ.

ಕೊನೆಯದಾಗಿ ನೀವು ಕೇಳದೇ ಇರೋ ವಿಷಯ. ಬಯಾಪ್ಸಿ ರಿಪೋರ್ಟ್ ಬಂದಿರಬೇಕು. ಅದರಲ್ಲಿ ಎಷ್ಟು ಲಿಂಫ್ ಗ್ರಂಥಿ ನೋಡಿದ್ದಾರೆ ಗಮನಿಸಿ, ಕನಿಷ್ಠ 12 ನೋಡಿರಬೇಕು. ಎಷ್ಟರಲ್ಲಿ ಕ್ಯಾನ್ಸರ್ ಇತ್ತು, ಎಂಎಂಆರ್ ಪರೀಕ್ಷೆ (ಡಿಎನ್‌ಎಯಲ್ಲಿ ಆಗೋ ತಪ್ಪನ್ನು ತಿದ್ದೋ ಪ್ರೋಟೀನ್‌ಗಳು ಗಡ್ಡೆಯಲ್ಲಿ ಇವೆಯಾ ಅಂತ ನೋಡೋದು) ಮಾಡಿದ್ದಾರಾ ಕೇಳಿ. ಗ್ರಂಥಿಗೆ ಹಬ್ಬಿದ್ದರೆ ಕೀಮೋ ಮಾತು ಬರುತ್ತದೆ, ಅದನ್ನು ಸಾಮಾನ್ಯವಾಗಿ ಆಪರೇಷನ್ ಆದ ಎಂಟು ವಾರದೊಳಗೆ ಶುರು ಮಾಡುತ್ತಾರೆ. 70 ದಾಟಿದವರಿಗೆ ಹೆಚ್ಚಾಗಿ ಒಂದೇ ಔಷಧಿ, ಮಾತ್ರೆ ರೂಪದಲ್ಲೂ ಸಿಗುತ್ತದೆ. ಎರಡನೇ ಔಷಧಿ ಸೇರಿಸಿದರೆ ಈ ವಯಸ್ಸಿನಲ್ಲಿ ಲಾಭ ಎಷ್ಟು ಅನ್ನೋದು ಸ್ಪಷ್ಟವಿಲ್ಲ. ಕೊಡಬೇಕಾ ಬೇಡವಾ ಅಂತ ತೀರ್ಮಾನ ಮಾಡುವಾಗ ಡಾಕ್ಟರು ನೋಡೋದು ವಯಸ್ಸನ್ನಷ್ಟೇ ಅಲ್ಲ, ಅಮ್ಮ ಆ ಹೊತ್ತಿಗೆ ತಾವೇ ನಡೆದು ಬರುತ್ತಾರಾ, ಸರಿಯಾಗಿ ತಿನ್ನುತ್ತಾರಾ ಅನ್ನೋದನ್ನೂ ನೋಡುತ್ತಾರೆ. ಅದಕ್ಕೆ ಮುಂದಿನ ಐದು ವಾರ ಇಷ್ಟು ಮುಖ್ಯ.

ಮತ್ತು ಆ ತೀರ್ಮಾನ ಅಮ್ಮನದು. ಕ್ಯಾನ್ಸರ್ ಅಂತ ಹೇಳಿದರೆ ಧೈರ್ಯ ಕುಂದಿಬಿಡುತ್ತಾರೆ ಅಂತ ನೀವು ಮುಚ್ಚಿಟ್ಟಿದ್ದೀರಿ, ಅರ್ಥ ಆಗುತ್ತದೆ. ಆದರೆ ಹೆಚ್ಚಿನ ತಾಯಂದಿರಿಗೆ ಇದು ಆಗಲೇ ಗೊತ್ತಿರುತ್ತದೆ, ಮಕ್ಕಳು ನೊಂದುಕೊಳ್ಳುತ್ತಾರೆ ಅಂತ ಕೇಳೋದಿಲ್ಲ ಅಷ್ಟೇ. ಮೊದಲು 'ಡಾಕ್ಟರು ಹೇಳಿದ್ದೆಲ್ಲ ನಿನಗೂ ಹೇಳಲಾ ಅಮ್ಮ, ನಾವೇ ನೋಡಿಕೊಳ್ಳಲಾ' ಅಂತ ಕೇಳಿ. ಹೇಳು ಅಂದರೆ ಹೇಳಿಬಿಡಿ: ಕ್ಯಾನ್ಸರ್ ಗಡ್ಡೆ ಇತ್ತು, ಆ ಭಾಗ ತೆಗೆದಿದ್ದಾರೆ, ಮುಂದೆ ಇಂಥ ಔಷಧಿ ಬೇಕಾಗಬಹುದು, ನಾವು ಜೊತೆಗಿದ್ದೇವೆ. ಬೇಡ, ನೀವೇ ನೋಡಿಕೊಳ್ಳಿ ಅಂದರೆ ಅದಕ್ಕೂ ಬೆಲೆ ಕೊಡಿ. ನೀವೇ ಹೇಳೋಕೆ ಕಷ್ಟ ಆದರೆ ಮುಂದಿನ ಭೇಟಿಯಲ್ಲಿ ಅಮ್ಮನನ್ನು ಹೊರಗೆ ಕೂರಿಸದೆ ಒಳಗೆ ಕರೆದುಕೊಂಡು ಹೋಗಿ, ಡಾಕ್ಟರು ಅವರ ಜೊತೆಗೇ ಮಾತಾಡಲಿ. ಹೋಗುವಾಗ ಹಿಮೋಗ್ಲೋಬಿನ್, ಕ್ರಿಯಾಟಿನಿನ್ ರಿಪೋರ್ಟು, ಮನೆಯಲ್ಲಿ ನೋಡಿದ ಬಿಪಿ, ಶುಗರ್, ತೂಕ ಬರೆದ ಚೀಟಿ, ಈಗ ನುಂಗುತ್ತಿರೋ ಎಲ್ಲ ಮಾತ್ರೆಯ ಪಟ್ಟಿ ಜೊತೆಗಿರಲಿ.